ಐದು ದಿನದ ಗಡ್ಡಿ

ಶಿಕಾಗೋದಿಂದ ಹೊರಟ ವಿಮಾನ ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. 2010ರ ಏಪ್ರಿಲ್ 16, ಶುಕ್ರವಾರ. ಅವ್ವನ ಒಂದು ಕೈ ನನ್ನ ತೋಳಿನಲ್ಲಿ, ಇನ್ನೊಂದು ಕೈ ಬಗಲಚೀಲದ ಮೇಲೆ. ಆ ಚೀಲದಲ್ಲಿ ಅವಳ ಬಿಪಿ ಗುಳಿಗೆ, ಶೇಂಗಾ ಹಿಂಡಿಯ ಡಬ್ಬಿ, ತಂಗಿ ಕಟ್ಟಿಕೊಟ್ಟ ಹನ್ನೆರಡು ಚಪಾತಿ, ಮೊಮ್ಮಗನ ತಲೆಯಿಂದ ತೆಗೆದು ಇಟ್ಟುಕೊಂಡ ಒಂದು ಕುಲಾವಿ ಇದ್ದವು. ಮೂರು ತಿಂಗಳ ಬಾಣಂತನ ಮುಗಿಸಿ ಅವ್ವ ಊರಿಗೆ ಹೊರಟಿದ್ದಳು. ಕರೆತರಲು ನಾನು ಹೋಗಿದ್ದೆ.

ಟಿಕೆಟ್ ಇದ್ದದ್ದು ಮೇ ತಿಂಗಳಿಗೆ. ಕಕ್ಕೇರಾದಲ್ಲಿದ್ದ ಸೋದರಮಾವನಿಗೆ ಲಕ್ವಾ ಹೊಡೆದ ಸುದ್ದಿ ಬಂದ ಮೇಲೆ ಅವ್ವ ಹಟ ಹಿಡಿದು ಅದನ್ನು ಏಪ್ರಿಲ್‌ಗೆ ಮಾಡಿಸಿದ್ದಳು. ಫ್ರಾಂಕ್‌ಫರ್ಟಿನಿಂದ ಹೈದರಾಬಾದ್, ಶಂಷಾಬಾದಿನಲ್ಲಿ ಇಳಿದರೆ ಕೊಡಂಗಲ್, ಗುರುಮಠಕಲ್ ದಾರಿ ಹಿಡಿದು ಯಾದಗಿರಿ. ಕಲಬುರಗಿಗೆ ವಿಮಾನ ನಿಲ್ದಾಣ ಬಂದದ್ದು 2019ರ ನವೆಂಬರಿನಲ್ಲಿ. ಆಗ ನಮ್ಮ ಕಡೆಯವರಿಗೆ ಆಕಾಶದ ಬಾಗಿಲೆಂದರೆ ಹೈದರಾಬಾದೇ. ಶನಿವಾರ ಮಧ್ಯಾಹ್ನದೊಳಗೆ ಮಾವನ ಮುಖ ನೋಡಬಹುದು ಎಂದು ಅವಳ ಲೆಕ್ಕವಿತ್ತು.

ಹೈದರಾಬಾದಿನ ವಿಮಾನ ಯಾವ ಬಾಗಿಲಿಗೆ ಬರುತ್ತದೆಂದು ಫಲಕ ನೋಡುತ್ತ ನಿಂತಿದ್ದೆವು. ನೋಡುತ್ತಿದ್ದಂತೆ ಒಂದು ಸಾಲು ಬದಲಾಯಿತು, ಅದರ ಕೆಳಗಿನದು ಬದಲಾಯಿತು, ಆಮೇಲೆ ಇಡೀ ಫಲಕವೇ. ಲಂಡನ್, ಪ್ಯಾರಿಸ್, ದೆಹಲಿ, ಟೋಕಿಯೋ, ಹೈದರಾಬಾದ್, ಎಲ್ಲದರ ಎದುರೂ ಅದೇ ಒಂದು ಪದ. ಅವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ಅವಳೇ ಮೊದಲು ಕೇಳಿದಳು: “ತಮ್ಮಾ, ಎಲ್ಲಾದಕ್ಕೂ ಒಂದೇ ಥರ ಬರದಾರಲ್ಲ. ಏನೋ ಕೆಟ್ಟದ್ದು ಆಗ್ಯಾದ.”

ಆದದ್ದು ಐಸ್‌ಲ್ಯಾಂಡಿನಲ್ಲಿ. ಎಯ್ಯಾಫ್ಯಾಟ್ಲಯೋಕುಟ್ಲ್ ಎಂಬ, ನಮ್ಮ ನಾಲಿಗೆಗೆ ಸುಲಭಕ್ಕೆ ಬಗ್ಗದ ಹೆಸರಿನ ಹಿಮದ ಬೆಟ್ಟವೊಂದು ಎರಡು ದಿನ ಮೊದಲು, 14ರಂದು, ನೆತ್ತಿ ಒಡೆದುಕೊಂಡಿತ್ತು. ಮೇಲೆ ದಪ್ಪ ಮಂಜು, ಕೆಳಗೆ ಕುದಿಯುವ ಕಲ್ಲಿನ ರಸ. ಕರಗಿದ ನೀರು ಆ ರಸಕ್ಕೆ ಬಿದ್ದಾಗ ಅದು ತಟ್ಟನೆ ಆರಿ, ಸಿಡಿದು, ಹಿಟ್ಟಿನಷ್ಟು ನುಣ್ಣನೆಯ ಗಾಜಿನ ಪುಡಿಯಾಗಿ ಮೇಲೆದ್ದಿತು. ಗಾಳಿ ಅದನ್ನು ನೇರ ಯುರೋಪಿನ ಮೇಲೆ ತಂದು ಹರಡಿತು. ಒಲೆಯ ಬೂದಿಯಂತೆ ಉದುರಿಹೋಗುವ ವಸ್ತುವಲ್ಲ ಅದು. ವಿಮಾನದ ಎಂಜಿನ್ನಿನೊಳಗೆ ಸಾವಿರ ಡಿಗ್ರಿ ದಾಟಿದ ಬೆಂಕಿ ಇರುತ್ತದೆ. ಅಲ್ಲಿಗೆ ಹೋದ ಗಾಜು ಕರಗಿ, ಎಂಜಿನ್ನಿನ ಹಿಂಬದಿಯ ಅಲಗುಗಳ ಮೇಲೆ ಅಂಟಿ ಗಟ್ಟಿಯಾಗಿ, ಉಸಿರು ಕಟ್ಟಿಸುತ್ತದೆ. 1982ರ ಜೂನಿನಲ್ಲಿ ಜಾವಾ ದ್ವೀಪದ ಮೇಲೆ ರಾತ್ರಿ ಹಾರುತ್ತಿದ್ದ ಒಂದು ಜಂಬೋ ವಿಮಾನ ಗಲುಂಗುಂಗ್ ಬೆಟ್ಟದ ಬೂದಿಯೊಳಗೆ ಹೊಕ್ಕು ನಾಲ್ಕೂ ಎಂಜಿನ್ ಕಳೆದುಕೊಂಡಿತ್ತು. ಗಾಳಿಯಲ್ಲಿ ತೇಲುತ್ತ ತೇಲುತ್ತ ಕೆಳಗಿಳಿದು, ಬೂದಿಯಿಂದ ಹೊರಬಂದ ಮೇಲೆ ಎಂಜಿನ್ ಮತ್ತೆ ಹತ್ತಿಕೊಂಡು, ಜಕಾರ್ತಾದಲ್ಲಿ ಎಲ್ಲರೂ ಜೀವಸಹಿತ ನೆಲ ಮುಟ್ಟಿದರು. ಆ ರಾತ್ರಿಯ ನೆನಪಿನಿಂದ ಬಂದ ನಿಯಮ ಸರಳವಾಗಿತ್ತು: ಬೂದಿ ಇದ್ದಲ್ಲಿ ಹಾರಬೇಡಿ. ಏಪ್ರಿಲ್ 15ರಿಂದ 21ರವರೆಗೆ ಸುಮಾರು 1 ಲಕ್ಷ ವಿಮಾನಗಳು ನೆಲ ಬಿಡಲಿಲ್ಲ. ಸುಮಾರು 1 ಕೋಟಿ ಪ್ರಯಾಣಿಕರು ಇದ್ದಲ್ಲೇ ಉಳಿದರು. ಅವರಲ್ಲಿ ಸುರಪುರದ ಇಬ್ಬರು.

ಊರೊಳಗೆ ಹೋಗುವಂತಿದ್ದವರು ಹೋಟೆಲಿಗೆ ಹೋದರು. ರೈಲು ಹತ್ತುವಂತಿದ್ದವರು ರೈಲಿಗೆ ಓಡಿದರು. ರೋಮ್, ಮ್ಯಾಡ್ರಿಡ್, ಅಥೆನ್ಸ್ ಕಡೆ ಆಕಾಶ ತೆರೆದಿದೆ ಎಂಬ ಸುದ್ದಿ ಹಬ್ಬಿತ್ತು. ನಮ್ಮ ಬಳಿ ಅಮೆರಿಕದ ವೀಸಾ ಇತ್ತು, ಯುರೋಪಿನದು ಇರಲಿಲ್ಲ. ಗಾಜಿನ ಗೋಡೆಯ ಆಚೆ ಟ್ಯಾಕ್ಸಿ ಓಡಾಡುವುದು ಕಾಣುತ್ತಿತ್ತು. ಅಲ್ಲಿಗೆ ಹೋಗುವಂತಿಲ್ಲ. ಹಿಂದಕ್ಕೆ ಶಿಕಾಗೋಗೂ ಹೋಗುವಂತಿಲ್ಲ. ನಮ್ಮಂಥ ನೂರಾರು ಜನರಿಗೆ ವಿಮಾನ ಬದಲಿಸುವವರು ಕಾಯುವ ಆ ಪಡಸಾಲೆಯೇ ಮನೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಮಡಿಸುವ ಮಂಚಗಳು ಬಂದವು, ಸಾಲಾಗಿ ಹಾಕಿದರು, ಒಬ್ಬೊಬ್ಬರಿಗೆ ಒಂದೊಂದು ಹೊದಿಕೆ ಕೊಟ್ಟರು.

ಅವ್ವ ಮಂಚದ ಮೇಲೆ ಕಾಲು ಮಡಚಿ ಕುಳಿತು ಸುತ್ತ ನೋಡಿದಳು. ನಾಲ್ಕೂ ಕಡೆ ಗಾಜು, ಗಾಜಿನಾಚೆ ಜಗತ್ತು. “ಇದು ನೀಲಕಂಠರಾಯನ ಗಡ್ಡಿ ಆಯ್ತಲ್ಲೋ ತಮ್ಮಾ” ಎಂದಳು.

ಗಡ್ಡಿ ಎಂದರೆ ನಮ್ಮಲ್ಲಿ ಹೊಳೆಯ ನಡುವಿನ ಊರು. ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟಾದದ್ದು 1982ರಲ್ಲಿ. ಅದರ ಕೆಳಗೆ, ಅಂದಿನ ಸುರಪುರ ತಾಲೂಕಿನಲ್ಲಿ, ಕಕ್ಕೇರಾದಿಂದ ತುಸು ದೂರಕ್ಕೆ ಕೃಷ್ಣೆ ಎರಡಾಗಿ ಸೀಳಿ ಮತ್ತೆ ಒಂದಾಗುವ ಜಾಗದಲ್ಲಿದೆ ನೀಲಕಂಠರಾಯನ ಗಡ್ಡಿ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ಬಂಡೆಗಲ್ಲುಗಳ ಮೇಲೆ ಹೆಜ್ಜೆಯಿಡುತ್ತ ದಾಟಬಹುದಿತ್ತು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು, ಆಲಮಟ್ಟಿ ತುಂಬಿ, ನಾರಾಯಣಪುರದ ಗೇಟು ಎತ್ತಿದರೆಂದರೆ ಮುಗಿಯಿತು. ಗಡ್ಡಿಯವರ ಮೇಲೆ ಒಂದು ಹನಿ ಬಿದ್ದಿರುತ್ತಿರಲಿಲ್ಲ, ಆದರೂ ಊರು ಕಡಿದುಹೋಗುತ್ತಿತ್ತು. ಎಲ್ಲೋ ದೂರದ ಮೋಡ, ಎಲ್ಲೋ ದೂರದ ಬೆಟ್ಟ, ಸಿಕ್ಕಿಬೀಳುವವರು ಇಲ್ಲಿ. ಅವ್ವನ ತವರು ಕಕ್ಕೇರಾ. ಮಾವ ಮೇಷ್ಟ್ರು. ಗಡ್ಡಿಯ ಶಾಲೆಗೂ ಕೆಲವು ವರ್ಷ ಹೋಗಿಬಂದವನು. ಹೊಳೆ ತುಂಬಿದಾಗ ಅಲ್ಲೇ ಉಳಿದು ಮಕ್ಕಳ ಮನೆಯಲ್ಲಿ ಉಂಡು ಮಲಗಿದವನು. ಅವ್ವನಿಗೆ ಸಿಕ್ಕಿಬೀಳುವುದೆಂದರೆ ಹೊಸದೇನೂ ಅಲ್ಲ, ತಾನು ಮಾತ್ರ ದಂಡೆಯಲ್ಲಿ ನಿಂತು ನೋಡಿದ್ದಳು, ಈಗ ನಡುವೆ ಕೂತಿದ್ದಳು.

ಗಡ್ಡಿಯವರ ಹಾಗೆಯೇ ಅವಳು ಸಂಸಾರ ಹೂಡಿದಳು. ಮೊದಲು ಚಪಾತಿ ಎಣಿಸಿದಳು, ಆರು ಇವತ್ತಿಗೆ, ಆರು ನಾಳೆಗೆ. ಗುಳಿಗೆ ಎಣಿಸಿದಳು, ಎಂಟು ಇದ್ದವು. “ಹೊಳಿ ಯಾವಾಗ ಇಳೀತಾದ ಅಂತ ಯಾರೂ ಹೇಳಲಿಕ್ಕೆ ಆಗಂಗಿಲ್ಲ. ಹೇಳಿದ್ರೂ ನಂಬಬಾರದು. ಇದ್ದದ್ದನ್ನ ಎರಡು ಪಾಲು ಮಾಡಿ ಇಡಬೇಕು” ಎಂದಳು. ಆಮೇಲೆ ಎದ್ದು ಮಂಚದ ಸಾಲಿನುದ್ದಕ್ಕೂ ಒಂದು ಸುತ್ತು ಹಾಕಿ ಬಂದಳು. ಬಂದು ಹೇಳಿದ್ದಿಷ್ಟು: ಎಳೆಗೂಸಿನವರು ನಾಲ್ಕು ಮಂದಿ, ಬಸುರಿ ಒಬ್ಬಳು, ಕಾಲು ಬಾತ ಮುದುಕ ಒಬ್ಬ. ಗಡ್ಡಿಯಲ್ಲಿ ಹೊಳೆ ಏರುವ ಮೊದಲು ಊರ ಹಿರಿಯರು ಇದನ್ನೇ ಲೆಕ್ಕ ಮಾಡುತ್ತಾರಂತೆ. ದಾಟಿಸಬೇಕಾದವರನ್ನು ಮೊದಲೇ ದಾಟಿಸಬೇಕು, ಉಳಿದವರು ಕಾಯಬಹುದು.

ನನಗೆ ಅಷ್ಟು ಸಮಾಧಾನ ಇರಲಿಲ್ಲ. ವಿಮಾನ ಕಂಪನಿಯ ಕೌಂಟರಿನ ಮುಂದೆ ನಾಲ್ಕು ತಾಸು ನಿಂತೆ. ನನ್ನ ಮುಂದಿದ್ದ ಒಬ್ಬ ಸಿಟ್ಟಿನಿಂದ ಟಿಕೆಟ್ ರದ್ದು ಮಾಡಿಸಿ ದುಡ್ಡು ವಾಪಸ್ ಬರೆಸಿಕೊಂಡು ಹೋದ. ಅದನ್ನು ನೋಡಿ ನಾನೂ ಹಾಗೇ ಮಾಡುವವನಿದ್ದೆ. ನನ್ನ ಹಿಂದೆ ನಿಂತಿದ್ದ ಚೆನ್ನೈ ಕಡೆಯ ವಯಸ್ಸಾದ ಎಂಜಿನಿಯರ್ ಒಬ್ಬರು ಭುಜ ಮುಟ್ಟಿ ತಡೆದರು. ಗೋಡೆಗೆ ಅಂಟಿಸಿದ್ದ ಒಂದು ಹಾಳೆ ತೋರಿಸಿದರು. ಯುರೋಪ್ ಒಕ್ಕೂಟದ 2004ರ 261ನೇ ನಿಯಮ. 2005ರ ಫೆಬ್ರವರಿಯಿಂದ ಜಾರಿಯಲ್ಲಿತ್ತು. ವಿಮಾನ ರದ್ದಾದರೆ ಪ್ರಯಾಣಿಕ ಎರಡರಲ್ಲಿ ಒಂದನ್ನು ಆರಿಸಬಹುದು, ಒಂದೋ ದುಡ್ಡು ವಾಪಸ್, ಇಲ್ಲವೇ ಬೇರೆ ದಾರಿಯಿಂದ ಊರು ಮುಟ್ಟಿಸುವುದು. ಕಾಯುವಷ್ಟು ದಿನವೂ ಊಟ, ನೀರು, ತಂಗಲು ಜಾಗ, ಎರಡು ಫೋನ್ ಕರೆ ಪುಕ್ಕಟೆ. ಪ್ರಕೃತಿಯ ಕೈಯಿಂದ ಆದದ್ದಕ್ಕೆ ಪರಿಹಾರದ ಹಣ ಕೊಡಬೇಕಿಲ್ಲ, ಆದರೆ ಊಟ ವಸತಿ ತಪ್ಪಿಸುವಂತಿಲ್ಲ. “ದುಡ್ಡು ಇಸ್ಕೊಂಡ್ರೆ ಅವರ ಹೊಣೆ ಅಲ್ಲಿಗೆ ಮುಗೀತು. ಆಮೇಲೆ ನೀವ್ಯಾರೋ ಅವರ್ಯಾರೋ” ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಇಂದಿಗೂ ಉಪಕಾರ. ಪರದೇಶದಲ್ಲಿ ವಿಮಾನ ರದ್ದಾಗಿ ನಿಂತವರು ಯಾರೇ ನನಗೆ ಫೋನ್ ಮಾಡಲಿ, ನಾನು ಹೇಳುವ ಮೊದಲ ಮಾತು ಅದೇ: ನೀವಾಗಿ ಟಿಕೆಟ್ ಬಿಟ್ಟುಕೊಡಬೇಡಿ, ಬೇರೆ ದಾರಿ ಕೇಳಿ. ಎರಡನೆಯ ಮಾತು, ಗುಳಿಗೆಯನ್ನು ಸಾಮಾನಿನ ಪೆಟ್ಟಿಗೆಗೆ ಹಾಕಬೇಡಿ, ಕೈಚೀಲದಲ್ಲಿಡಿ. ನಮ್ಮ ಪೆಟ್ಟಿಗೆಗಳು ಆ ಐದು ದಿನ ಎಲ್ಲಿದ್ದವೋ ನಾವು ಕಣ್ಣಿಂದ ನೋಡಲಿಲ್ಲ.

ಅಂದು ಸಂಜೆ ಊಟದ ಚೀಟಿ ಕೊಟ್ಟರು. ಅಂಗೈ ಅಗಲದ ಕಾಗದ. ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನು ಎಂದು ಕೇಳಿದಳು. ಹಾಳೆಯಲ್ಲಿ ಓದಿದ್ದನ್ನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. “ಸಿಕ್ಕಿಬಿದ್ದೋರಿಗೆ ಉಣ್ಣಾಕ ಕೊಡಬೇಕು ಅಂತ ಕಾಯ್ದೆ ಮಾಡ್ಯಾರ?”

“ಹೌದವಾ.”

“ಫೋನೂ?”

“ಎರಡು.”

ಅವ್ವ ಚೀಟಿ ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅವತ್ತು ಅದನ್ನು ಕೊಟ್ಟು ಊಟ ತರಲು ಒಪ್ಪಲಿಲ್ಲ. ಚಪಾತಿ ಇತ್ತಲ್ಲ.

ಮೊದಲ ಫೋನು ಸುರಪುರಕ್ಕೆ, ಅಪ್ಪನಿಗೆ. ಅಲ್ಲಿ ಹಗಲೆಲ್ಲ ನಲವತ್ತು ದಾಟಿದ ಬಿಸಿಲು, ಕರೆಂಟಿಲ್ಲ, ಅಪ್ಪ ಅಂಗಳದಲ್ಲಿ ಮಂಚ ಹಾಕಿಕೊಂಡು ರೇಡಿಯೋ ಕೇಳುತ್ತಿದ್ದ. ಬೂದಿಯ ಸುದ್ದಿ ಅವನಿಗೆ ಆಗಲೇ ಗೊತ್ತಿತ್ತು. ಮಾವ ಮಾತಾಡುತ್ತಿದ್ದಾನೆ, ಎಡಗೈ ಮಾತ್ರ ಏಳುತ್ತಿಲ್ಲ ಎಂದ. ಅವ್ವ ಅದನ್ನು ಮೂರು ಸಲ ಹೇಳಿಸಿಕೊಂಡಳು. ಒಂದು ವಾರದ ಹಿಂದೆ, ಏಪ್ರಿಲ್ 10ಕ್ಕೆ, ಇದೇ ಅಪ್ಪ ಶಿಕಾಗೋಗೆ ಫೋನ್ ಮಾಡಿ, “ನಮ್ಮದೂ ಜಿಲ್ಲಾ ಆತು ನೋಡು, ಇನ್ನ ಕಲಬುರಗಿ ತನಕ ಹೋಗೋ ಕೆಲಸಿಲ್ಲ” ಎಂದು ಹಿಗ್ಗಿದ್ದ. ಗುಲ್ಬರ್ಗಾ ಜಿಲ್ಲೆಯಿಂದ ಸುರಪುರ, ಶಹಾಪುರ, ಯಾದಗಿರಿ ಮೂರು ತಾಲೂಕು ಬಿಡಿಸಿ ಹೊಸ ಯಾದಗಿರಿ ಜಿಲ್ಲೆ ಉದ್ಘಾಟನೆಯಾದ ದಿನ ಅದು. ಎರಡನೆಯ ದಿನ ಒಬ್ಬಳು ಸಿಬ್ಬಂದಿ ಬಂದು ಪಡಸಾಲೆಯಲ್ಲಿ ಉಳಿದವರ ಪಟ್ಟಿ ಮಾಡಿಕೊಂಡಳು. ಹೆಸರು, ಊರು, ಜಿಲ್ಲೆ, ದೇಶ. ಕೈ ರೂಢಿಯಂತೆ ಗುಲ್ಬರ್ಗಾ ಎಂದು ಬರೆಯಲು ಹೋಗಿ ನಿಂತಿತು. ಯಾದಗಿರಿ ಎಂದು ಬರೆದೆ. ಆ ಹೆಸರನ್ನು ಜಿಲ್ಲೆಯ ಜಾಗದಲ್ಲಿ ನಾನು ಮೊದಲ ಸಲ ಬರೆದದ್ದು ಅಲ್ಲಿ, ಜರ್ಮನಿಯ ಒಂದು ಕಾಗದದ ಮೇಲೆ.

ಶನಿವಾರ, ಭಾನುವಾರ ಹೇಗೆ ಕಳೆದವೆಂದು ಬಿಡಿಸಿ ಹೇಳಲು ಏನೂ ಇಲ್ಲ. ಆಕಾಶ ನೀಲಿಯಾಗಿತ್ತು. ಅದೇ ಕಷ್ಟ. ಬೂದಿ ಕಣ್ಣಿಗೆ ಕಾಣುತ್ತಿರಲಿಲ್ಲ, ಓಡುದಾರಿ ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು, ಸಾಲಾಗಿ ನಿಂತ ವಿಮಾನಗಳ ಮೇಲೆ ಹಕ್ಕಿಗಳು ಕೂತಿದ್ದವು. ಹೊಳೆಯಾದರೆ ಏರಿದ್ದು ಕಾಣುತ್ತದೆ, ಇಳಿದದ್ದು ಕಾಣುತ್ತದೆ. ದಂಡೆಯ ಕಲ್ಲಿಗೆ ಗುರುತು ಮಾಡಿ ಇಟ್ಟರೆ ಎಷ್ಟು ಇಳಿಯಿತೆಂದು ಲೆಕ್ಕ ಸಿಗುತ್ತದೆ. ಇಲ್ಲಿ ಗುರುತು ಮಾಡಲು ಕಲ್ಲಿರಲಿಲ್ಲ.

ರಾತ್ರಿಗಳು ಮಾತ್ರ ನೆನಪಿನಲ್ಲಿವೆ. ಎದುರು ಸಾಲಿನಲ್ಲಿ ಲಾಹೋರಿನ ಒಬ್ಬ ಹುಡುಗಿ, ಕೈಯಲ್ಲಿ ನಾಲ್ಕು ತಿಂಗಳ ಕೂಸು. ಗಂಡ ಕೆನಡಾದಲ್ಲಿ, ತಾಯಿಯ ಮನೆಗೆ ಹೊರಟವಳು. ಮೂರನೆಯ ರಾತ್ರಿ ಕೂಸು ಅಳು ನಿಲ್ಲಿಸಲಿಲ್ಲ. ಅದರ ಜೊತೆ ಅವಳೂ ಅಳತೊಡಗಿದಳು. ಅವ್ವ ಎದ್ದುಹೋದಳು. ಅವಳು ಹುಟ್ಟಿದ್ದು ನಿಜಾಮನ ಕಾಲಕ್ಕೆ, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರಲ್ಲಿ ಇನ್ನೂ ಚಿಕ್ಕವಳು. ಓಣಿಯ ತುಂಬ ದಖನಿ ಉರ್ದು ಕೇಳಿ ಬೆಳೆದವಳು. “ರೋನಾ ನಕ್ಕೋ ಬೇಟಿ” ಎಂದು ಕೂಸನ್ನು ಎತ್ತಿಕೊಂಡು, ಕಾಲು ನೀಡಿ ಕುಳಿತು, ಕಾಲ ಮೇಲೆ ಬೋರಲು ಹಾಕಿ ಬೆನ್ನು ನೀವಿದಳು. ಮೂರು ತಿಂಗಳು ಮೊಮ್ಮಗನಿಗೆ ಮಾಡಿದ ಕೈ. ಆ ಹುಡುಗಿಗೆ ‘ನಕ್ಕೋ’ ಎಂಬ ಪದ ಹೊಸದು. ಅಳುತ್ತಲೇ ಅದರ ಅರ್ಥ ಕೇಳಿದಳು. ಬೆಳಗಿನ ಜಾವದ ಹೊತ್ತಿಗೆ ಕೂಸು ಮಲಗಿತು, ಅದರ ತಲೆಗೆ ನಮ್ಮ ಮಗುವಿನ ಕುಲಾವಿ ಇತ್ತು. ಅವ್ವ ಅದನ್ನು ವಾಪಸ್ ಕೇಳಲಿಲ್ಲ.

ಸೋಮವಾರ ರಾತ್ರಿ ಫಲಕದ ಮೇಲೆ ಒಂದೆರಡು ಸಾಲು ಬದಲಾದವು. ಹಾರಬಹುದೋ ಬಾರದೋ ಎಂಬುದರ ಬಗ್ಗೆ ಸರ್ಕಾರಗಳು, ವಿಮಾನ ಕಂಪನಿಗಳು, ಎಂಜಿನ್ ತಯಾರಿಸುವವರು ಕೂಡಿ ಮಾತಾಡುತ್ತಿದ್ದರು. ಬೂದಿ ಇದ್ದರೇ ಹಾರಬಾರದೆಂಬ ಹಳೆಯ ನಿಯಮದ ಬದಲು ಎಷ್ಟು ಬೂದಿಯವರೆಗೆ ಹಾರಬಹುದೆಂಬ ಅಳತೆ ಬಂತು. 20ರಂದು ಬ್ರಿಟನ್ ಒಂದು ಘನ ಮೀಟರ್ ಗಾಳಿಗೆ 2 ಮಿಲಿಗ್ರಾಂ ಎಂದು ಗೆರೆ ಹಾಕಿತು. ಅದೇ ದಿನ ಫ್ರಾಂಕ್‌ಫರ್ಟಿನಿಂದಲೂ ಕೆಲವು ವಿಮಾನ ಹೊರಟವು.

ಮಂಗಳವಾರ ಬೆಳಿಗ್ಗೆ ಕೌಂಟರಿನಲ್ಲಿ ನಮ್ಮ ಸರದಿ ಬಂತು. ಹೈದರಾಬಾದಿಗೆ ಇಬ್ಬರಿಗೆ ಜಾಗ 25ಕ್ಕೆ ಎಂದಳು ಆಕೆ. ಇನ್ನೂ ಐದು ದಿನ. ಗುಳಿಗೆ ಎಂಟರಲ್ಲಿ ಮೂರು ಉಳಿದಿದ್ದವು. ನಾನು ಬೆಂಗಳೂರು ಕೇಳಿದೆ, ಇಲ್ಲ. ಚೆನ್ನೈ, ಇಲ್ಲ. ಹಿಂದಿನಿಂದ ಅವ್ವ ಕೇಳಿದಳು, “ಮುಂಬಯಿ ಕೇಳೋ. ಮುಂಬಯಿಯಿಂದ ನಮ್ಮೂರಿಗೆ ಗಾಡಿ ಅದ ಅಲ್ಲ?” ನನಗೆ ಅದು ಹೊಳೆದೇ ಇರಲಿಲ್ಲ. ವಿಮಾನದ ಟಿಕೆಟ್ ಕೈಗೆ ಬಂದಾಗಿನಿಂದ ವಿಮಾನ ನಿಲ್ದಾಣಗಳ ಲೆಕ್ಕದಲ್ಲೇ ಯೋಚಿಸುತ್ತಿದ್ದೆ. ಅವ್ವ ಹಳಿಯ ಲೆಕ್ಕದಲ್ಲಿ ಯೋಚಿಸಿದಳು. ಮುಂಬಯಿ ಕಡೆಯಿಂದ ಬಂದ ಹಳಿ ಮದರಾಸಿನ ಹಳಿಗೆ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಆ ದಾರಿಯ ಮೇಲೆ ಯಾದಗಿರಿ ಇದೆ. ದೊಡ್ಡ ಜಗತ್ತಿಗೆ ನಮ್ಮ ಬಾಗಿಲು ಹೈದರಾಬಾದ್ ಆಗುವುದಕ್ಕೆ ಬಹಳ ಮೊದಲೇ ಮುಂಬಯಿ ಆಗಿತ್ತು, ದುಡಿಯಲು ಗುಳೆ ಹೋಗುವ ಸಾವಿರಾರು ಜನರಿಗೆ ಇಂದಿಗೂ ಅದೇ.

ಮುಂಬಯಿಗೆ ಮಧ್ಯಾಹ್ನದ ವಿಮಾನದಲ್ಲಿ ಎರಡು ಸೀಟು ಸಿಕ್ಕವು. ಒಂದು ಹದಿನೈದನೆಯ ಸಾಲು, ಇನ್ನೊಂದು ನಲವತ್ತನೆಯದು. ಹೊರಡುವ ಮೊದಲು ಅವ್ವ ಮಂಚದ ಹೊದಿಕೆ ಮಡಚಿ ಇಟ್ಟಳು. ಲಾಹೋರಿನ ಹುಡುಗಿಗೆ ಮರುದಿನದ ದಾರಿ ಸಿಕ್ಕಿತ್ತು. ಬಸುರಿ ಹಿಂದಿನ ದಿನವೇ ವೈದ್ಯರ ಜೊತೆ ಹೊರಗೆ ಹೋಗಿದ್ದಳು. ಕಾಲು ಬಾತ ಮುದುಕ ಇನ್ನೂ ಅಲ್ಲೇ ಇದ್ದ. ಹಿಂಡಿಯ ಡಬ್ಬಿಯಲ್ಲಿ ಉಳಿದದ್ದನ್ನು ಅವ್ವ ಅವನಿಗೆ ಕೊಟ್ಟಳು. ಅವನು ಯಾವ ದೇಶದವನೋ, ಅದನ್ನು ಹೇಗೆ ತಿಂದನೋ.

ಮುಂಬಯಿಯಲ್ಲಿ ಇಳಿದಾಗ ನಡುರಾತ್ರಿ ಕಳೆದಿತ್ತು. ಸಾಮಾನು ಬಂದಿರಲಿಲ್ಲ, ಬರೆದುಕೊಟ್ಟು ಹೊರಟೆವು. ಸಿಎಸ್‌ಟಿಯ ಫರಸಿಯ ಮೇಲೆ ಕುಳಿತು ಬೆಳಗು ಮಾಡಿದೆವು. ಬೆಳಗಿನ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಮುಂಗಡ ಟಿಕೆಟ್ ಎಲ್ಲಿಂದ ಬರಬೇಕು, ಜನರಲ್ ಡಬ್ಬಿ ಹತ್ತಿದೆವು. ಕಿಟಕಿಯ ಬಳಿ ಕೂತಿದ್ದವನೊಬ್ಬ ಅವ್ವನ ಮಾತು ಕೇಳಿಯೇ ಎದ್ದು ನಿಂತ. “ಯಾವೂರವ್ವಾ ನಿಂದು? ಸುರಪುರ? ನಂದು ವಡಗೇರಾ. ಕುಂದ್ರು ಇಲ್ಲಿ.” ಕಟ್ಟಡ ಕೆಲಸಕ್ಕೆ ಹೋದವರು ಎಂಟು ಹತ್ತು ಮಂದಿ, ಹೆಂಡಿರು ಮಕ್ಕಳ ಸಮೇತ. ಅಧಿಕ ಮಾಸ, ಊರಲ್ಲಿ ಲಗ್ನ ಇಲ್ಲ ಮುಂಜಿ ಇಲ್ಲ, ಆದರೂ ಬಿತ್ತುವುದಕ್ಕೆ ಮುಂಚೆ ಒಮ್ಮೆ ಹೊಲ ನೋಡಿ ಬರಬೇಕೆಂದು ಹೊರಟಿದ್ದರು. ಅವರಲ್ಲಿ ಒಬ್ಬಳು ಗಂಟು ಬಿಚ್ಚಿ ಖಡಕ್ ರೊಟ್ಟಿ, ಪುಂಡಿಪಲ್ಯ ತೆಗೆದಳು. ಅವ್ವ ಐದು ದಿನಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು. ಪುಣೆ, ದೌಂಡ, ಸೊಲ್ಲಾಪುರ, ಕಲಬುರಗಿ. ವಾಡಿ ದಾಟಿದ ಮೇಲೆ ಡಬ್ಬಿಯ ತುಂಬ ನಮ್ಮದೇ ಮಾತು.

ನಾವು ಎಲ್ಲಿಂದ ಬಂದೆವೆಂದು ಕೇಳಿದ ಆ ವಡಗೇರಾದ ಹುಡುಗನಿಗೆ ಅವ್ವ ಎಲ್ಲ ಹೇಳಿದಳು, ಬೂದಿ, ಮಂಚ, ಚೀಟಿ. ಅವನು ಕೇಳಿದ: “ಹೋದ ವರ್ಷ ಹೊಳಿ ಬಂದಾಗ ನಾವು ಮೂರು ದಿನಾ ಗುಡಿ ಮ್ಯಾಲ ಇದ್ದಿವಿ. ಅಕ್ಟೋಬರ್‌ನಾಗ. ಬೆಲ್ಲ ಅವಲಕ್ಕಿ ಇತ್ತು, ಅದರ ಮ್ಯಾಲ ಇದ್ದಿವಿ. ಯಾರಿಗೆ ಫೋನ್ ಮಾಡಬೇಕಿತ್ತು ನಾವು?” 2009ರ ಆ ಮಹಾಪೂರದಲ್ಲಿ ಕೃಷ್ಣೆ, ಭೀಮೆ, ತುಂಗಭದ್ರೆ ಮೂರೂ ಉಕ್ಕಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವ್ವ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು.

ಯಾದಗಿರಿಯಲ್ಲಿ ಇಳಿದಾಗ ರಾತ್ರಿ. ಕೋಟೆಯ ಗುಡ್ಡ ಕಪ್ಪಗೆ ನಿಂತಿತ್ತು. ಪ್ಲಾಟ್‌ಫಾರ್ಮಿನ ಕಲ್ಲು ಇನ್ನೂ ಕಾದಿತ್ತು. ಅಪ್ಪ ಕಳಿಸಿದ ಜೀಪು ಹೊರಗಿತ್ತು. ಭೀಮಾ ಸೇತುವೆ ದಾಟಿ, ದೋರನಹಳ್ಳಿ ಹಾದು ಶಹಾಪುರಕ್ಕೆ ಬಂದಾಗ ಅರ್ಧ ಚಂದ್ರ ಪಡುವಣಕ್ಕೆ ಇಳಿಯುತ್ತಿದ್ದ. ಬೆಟ್ಟದ ಸಾಲು ಮಲಗಿದ ಬುದ್ಧನಾಗಿ ಚಾಚಿಕೊಂಡಿತ್ತು, ಹಣೆ, ಮೂಗು, ಎದೆ. ಅವ್ವ ಕೈಮುಗಿದಳು. ಅಲ್ಲಿಂದ ಮುಂದೆ ಸುರಪುರ. ಅದರ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1841ರಲ್ಲಿ ಬಂದು ಹನ್ನೆರಡು ವರ್ಷ ಈ ಸಂಸ್ಥಾನ ನೋಡಿಕೊಂಡ ಮೆಡೋಸ್ ಟೇಲರನ ಮನೆ. ಅವನ ಕಾಲಕ್ಕೆ ಸೂಯೆಜ್ ಕಾಲುವೆ ಇರಲಿಲ್ಲ. ಇಂಗ್ಲೆಂಡಿಗೆ ಹೋಗುವವರು ಸೂಯೆಜ್‌ನಲ್ಲಿ ಹಡಗು ಇಳಿದು, ಮರುಭೂಮಿ ದಾಟಿ ಕೈರೋ ಸೇರಿ, ಮತ್ತೆ ನೀರಿನ ದಾರಿ ಹಿಡಿಯಬೇಕಿತ್ತು. ಒಂದು ಪ್ರಯಾಣದಲ್ಲಿ ಹಲವು ಬಗೆಯ ವಾಹನ. ದಾರಿ ಬದಲಿಸುವುದೇ ಆಗ ಪ್ರಯಾಣ. ಆ ರಾತ್ರಿ ಜೀಪಿನಲ್ಲಿ ಕೂತು ನಾನು ಅದನ್ನು ಯೋಚಿಸಿದೆ.

ಮರುದಿನ ಕಕ್ಕೇರಾದಲ್ಲಿ ಅವ್ವ ಅಣ್ಣನ ಎಡಗೈ ಹಿಡಿದು ಬಹಳ ಹೊತ್ತು ಕುಳಿತಳು. ಮಾವ ಸೊಟ್ಟಗಾದ ಬಾಯಿಯಿಂದಲೇ ಎಲ್ಲವನ್ನೂ ಕೇಳಿ ತಿಳಿದುಕೊಂಡ. ಮೇ ತಿಂಗಳಲ್ಲಿ ತುಸು ಚೇತರಿಸಿಕೊಂಡ ಮೇಲೆ ಅವನೇ ಹೊರಡಿಸಿದ, “ನಡೀರಿ, ಗಡ್ಡಿಗೆ ಹೋಗಿ ಬರ್ರಿ. ಅಲ್ಲಿ ನನ್ನ ಹುಡುಗರು ಅದಾರ, ಅವರಿಗೆ ಹೇಳ್ರಿ ಇದನ್ನ.” ಹೊಳೆಯಲ್ಲಿ ನೀರು ಮೊಳಕಾಲಿಗೆ. ಅವ್ವ ಸೀರೆ ಎತ್ತಿ ಕಟ್ಟಿ ಬಂಡೆ ಬಂಡೆ ಹಿಡಿದು ದಾಟಿದಳು. ಅಲ್ಲಿ ಒಂದು ಮನೆಯ ಜಂತಿಗೆ ಒಣಗಿದ ಸೋರೆಬುರುಡೆಗಳನ್ನು ಸಾಲಾಗಿ ತೂಗಿಹಾಕಿದ್ದರು. ಹೊಳೆ ತುಂಬಿದಾಗ ಅವನ್ನು ಹಗ್ಗದಿಂದ ಮೈಗೆ ಕಟ್ಟಿಕೊಂಡು ಈಜುತ್ತಿದ್ದರು. ಆ ಮನೆಯ ಮುದುಕಿ ಒಂದೊಂದನ್ನೇ ಬೆರಳಿನಿಂದ ಬಾರಿಸಿ ಕಿವಿಗೊಟ್ಟು ಕೇಳುತ್ತಿದ್ದಳು, ಬಿರುಕು ಬಿಟ್ಟಿದೆಯೋ ಎಂದು. ಅವ್ವನ ಕತೆ ಕೇಳಿ ಅವಳು ಕೇಳಿದ್ದು ಒಂದೇ: “ಐದು ದಿನಾನಾ? ಅಷ್ಟೇನವಾ?”

ಆ ಮಾತು ನನ್ನನ್ನು ಬಿಡಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ನಮ್ಮ ದೇಶದಲ್ಲೂ ವಿಮಾನ ರದ್ದಾದರೆ ಪ್ರಯಾಣಿಕನಿಗೆ ಏನೇನು ಸಲ್ಲಬೇಕೆಂಬ ನಿಯಮ ಬಂತು, ದುಡ್ಡು ಇಲ್ಲವೇ ಬೇರೆ ವಿಮಾನ, ಕಾಯುವಾಗ ಊಟ. 2013ರ ಜನವರಿಯಲ್ಲಿ ಯುರೋಪಿನ ನ್ಯಾಯಾಲಯ ಅದೇ ಬೂದಿಯ ದಿನಗಳ ಒಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು: ಜ್ವಾಲಾಮುಖಿ ಸಿಡಿದರೂ, ಎಷ್ಟೇ ದಿನವಾದರೂ, ಸಿಕ್ಕಿಬಿದ್ದವರ ಊಟ ವಸತಿಯ ಹೊಣೆ ಕಂಪನಿಯದೇ. ನ್ಯಾಯವಾದ ತೀರ್ಪು. ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಟಿಕೆಟ್ ಕೊಂಡವನಿಗೆ ಇಷ್ಟು ಕಾಯ್ದೆ ಇರುವಾಗ, ಹುಟ್ಟಿದ ಊರಿನಲ್ಲೇ ವರ್ಷ ವರ್ಷ ದಾರಿ ರದ್ದಾಗುವವರಿಗೆ ಗೋಡೆಗೆ ಅಂಟಿಸಿದ ಒಂದು ಹಾಳೆಯಾದರೂ ಇರಬೇಕಲ್ಲವೇ ಎಂದು ನಾನು ಕೇಳುತ್ತಲೇ ಬಂದಿದ್ದೇನೆ.

2014ರ ಮಳೆಗಾಲದಲ್ಲಿ ಆ ಗಡ್ಡಿಯ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಒಂಬತ್ತು ತಿಂಗಳ ಬಸುರಿಯೊಬ್ಬಳು, ಇಪ್ಪತ್ತೆರಡರ ಹರೆಯ, ಹೆರಿಗೆಗೆ ಆಸ್ಪತ್ರೆ ಸೇರಬೇಕೆಂದು ಒಣ ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ಕಕ್ಕೇರಾ ಕಡೆಯ ದಂಡೆ ಮುಟ್ಟಿದ್ದಳು. ಅವಳ ತಂದೆ, ಅಣ್ಣತಮ್ಮಂದಿರು ಸುತ್ತ ಈಜುತ್ತ ಜೊತೆಗಿದ್ದರು. ಮಾವ ಆಗ ಇರಲಿಲ್ಲ. ನಾನು ಸುದ್ದಿಯನ್ನು ಅವ್ವನಿಗೆ ಓದಿ ಹೇಳಿದೆ. ಮತ್ತೊಮ್ಮೆ ಓದು ಎಂದಳು. ಎರಡನೆಯ ಸಲ ಓದಿ ಮುಗಿಸುವ ಹೊತ್ತಿಗೆ ಅವಳು ಒಳಗೆ ಹೋಗಿ ಟ್ರಂಕಿನಿಂದ ಆ ಚೀಟಿ ತಂದಿದ್ದಳು. ನಾಲ್ಕು ವರ್ಷಕ್ಕೆ ಅಕ್ಷರ ಮಾಸಿ, ಮಡಿಕೆಯ ಜಾಗ ಹರಿದಿತ್ತು.

“ಪೆನ್ನು ತಗೋ ತಮ್ಮಾ. ಯಾದಗಿರಿಗೆ ಬರಿ. ಈಗ ಜಿಲ್ಲಾ ನಮ್ಮದೇ ಅದಲ್ಲ.”

ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಹೊಳೆ ಏರುವ ಮೊದಲು ಊರಲ್ಲಿ ಬಸುರಿಯರು ಎಷ್ಟು ಮಂದಿ, ಎಳೆಗೂಸು ಎಷ್ಟು, ಏಳಲಾರದ ಮುದುಕರು ಎಷ್ಟು ಎಂದು ಬರೆದುಕೊಂಡು ಹೋಗಬೇಕು. ದಿನ ತುಂಬಿದವರಿಗೆ ಈ ದಂಡೆಯ ಮೇಲೆ ತಂಗಲು ಮನೆ ಇರಬೇಕು, ಹೊದಿಕೆ ಸಮೇತ. ಗೇಟು ಎತ್ತುವುದಕ್ಕೆ ಎರಡು ದಿನ ಮೊದಲು ಹೇಳಬೇಕು. ಕಾಯುವಷ್ಟು ದಿನ ಜೋಳ, ಬೇಳೆ, ಗುಳಿಗೆ. ಗಟ್ಟಿಯಾದ ಒಂದು ಬೋಟು.

“ಮತ್ತ ಫೋನು,” ಎಂದಳು ಅವ್ವ. “ಎರಡು ಅಂತ ಬರಿ.”